ಬಾಯಿ ಮುಚ್ಚಿದ ಒಂದು

“ಮಂಡಿ ಹೇಗಿದೆ ಮೇಷ್ಟ್ರೇ?” ಎಂದು ಕೇಳಿ, ಲ್ಯಾಬ್ ಅಕ್ಕ ಪೆನ್ಸಿಲಿನ ತುದಿಯನ್ನು ‘ನೋವು’ ಎಂದು ಬರೆದಿದ್ದ ಕಾಲಮ್ಮಿನ ಮೇಲೆ ಹಿಡಿದು ಕಾದರು.

“ಎಡಗಾಲಿಂದು ಪರವಾಗಿಲ್ಲ. ಬಲಗಾಲಿಂದು ಹೇಳಿದ ಮಾತು ಕೇಳಲ್ಲ. ಕ್ಲಚ್ಚು ಸರಿಯಿದೆ, ಬ್ರೇಕು ಕೆಟ್ಟಿದೆ ಅಂತ ಬರ್ಕೊಳ್ಳಿ.”

ಅಕ್ಕ ನಕ್ಕು, ಕ್ಲಚ್ಚು ಬ್ರೇಕುಗಳನ್ನು ಬಿಟ್ಟು ‘ಬಲ ಮಂಡಿ, ನಿನ್ನೆಯ ಹಾಗೇ’ ಎಂದು ಬರೆದುಕೊಂಡರು. ನಿದ್ದೆ ಆರು ಗಂಟೆ. ತಿಂಡಿ ಆಗಿದೆ. ಮಾತ್ರೆ ಮರೆತಿದ್ದರು, ಫೋನು ಹಿಡಿದುಕೊಂಡೇ ನುಂಗಿದರು. ನೀರು ಗುಟುಕರಿಸಿದ ಸದ್ದು ಇತ್ತ ಕಡೆಗೂ ಕೇಳಿಸಿತು. ಒಬ್ಬೊಬ್ಬರಿಗೆ ಐದು ನಿಮಿಷ ಎಂದು ಅಕ್ಕ ತಾವೇ ಗೊತ್ತುಮಾಡಿಕೊಂಡಿದ್ದರು. ಮೇಷ್ಟ್ರ ವಿಷಯದಲ್ಲಿ ಮಾತ್ರ ಅದು ಏಳಾಗುತ್ತಿತ್ತು, ಕೆಲವು ದಿನ ಎಂಟೂ ಆಗುತ್ತಿತ್ತು.

ಚರ್ಚಿನ ಹಿಂಬದಿಯ ಸೇವಾಕೇಂದ್ರದಲ್ಲಿ ಫೋನಿನ ಕೋಣೆ ಎಂದರೆ ಹಿಂದೆ ಗಾಯನ ತಂಡದವರ ನಿಲುವಂಗಿಗಳನ್ನು ತೂಗುಹಾಕುತ್ತಿದ್ದ ಜಾಗ. ಗೋಡೆಯ ಕೊಕ್ಕೆಗಳು ಹಾಗೇ ಇದ್ದವು. ಒಂದು ಮೇಜು, ಒಂದು ಕುರ್ಚಿ, ಒಂದು ಫೋನು, ಗೋಡೆಗೆ ಅಂಟಿಸಿದ ಒಂದು ಪಟ್ಟಿ. ಪಟ್ಟಿಯಲ್ಲಿ ಹನ್ನೆರಡು ಜನ, ಎಲ್ಲರೂ ಒಂಟಿಯಾಗಿ ಬದುಕುವವರು. ಅವರ ಹೆಸರು ಅಲ್ಲಿರಲಿಲ್ಲ. ಹೆಸರು, ವಿಳಾಸವೆಲ್ಲ ಆಫೀಸಿನ ರಿಜಿಸ್ಟರಿನಲ್ಲಿ ಭದ್ರವಾಗಿರಲಿ, ಫೋನಿನಲ್ಲಿ ಅವರನ್ನು ಹೇಗೆ ಕರೆದರೆ ಅವರಿಗೆ ಹಿತವೋ ಹಾಗೇ ಕರೆಯೋಣ ಎಂದು ಫಾದರ್ ಹೇಳಿದ್ದರು. ಹಾಗಾಗಿ ನರ್ಸಮ್ಮ, ಬೇಕರಿ ಅಜ್ಜ, ಮೇಷ್ಟ್ರು, ಹೀಗೆ ಒಂದೊಂದು ಕರೆಯುವ ಹೆಸರು, ಅದರ ಮುಂದೆ ಒಂದೊಂದು ನಂಬರು.

ಅಕ್ಕ ಈ ಕೋಣೆಗೆ ಬಂದದ್ದು ಬಡಿಸುವ ಕೆಲಸದಲ್ಲಿ ಸೋತು. ನಿವೃತ್ತಿಯಾದ ಮೇಲೆ ನಾದಿನಿಯ ಬಲವಂತಕ್ಕೆ ಕೇಂದ್ರಕ್ಕೆ ಬಂದ ಮೊದಲ ವಾರ, ಮಧ್ಯಾಹ್ನದ ಊಟಕ್ಕೆ ಬಂದವರಿಗೆ ಸೌಟು ಹಿಡಿದು ನಿಂತಿದ್ದರು. ಮೂವತ್ತನಾಲ್ಕು ವರ್ಷ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ ನೋಡಿಕೊಂಡ ಕೈ. ಪ್ರತಿ ಸೌಟನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ ಸಮ ಮಾಡಿ ಬಡಿಸುವ ಹೊತ್ತಿಗೆ ಸಾಲು ಗೇಟು ಮುಟ್ಟಿತ್ತು. “ನಿಮ್ಮ ಕೈ ಬಂಗಾರ ಅಕ್ಕ, ಆದ್ರೆ ಜನಕ್ಕೆ ಹಸಿವು,” ಎಂದು ಅಡುಗೆಯವರು ಮೆಲ್ಲಗೆ ಸೌಟು ಇಸಿದುಕೊಂಡಿದ್ದರು.

ಹನ್ನೊಂದು ಗಂಟೆಗೆ ಪಟ್ಟಿ ಮುಗಿದು ಅಕ್ಕ ಪುಸ್ತಕ ಮುಚ್ಚುವಾಗ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ಪಟ್ಟಿಯಲ್ಲಿದ್ದವರ ಮನೆಗಳಿಗೆ ಆರು ತಿಂಗಳಿಗೊಮ್ಮೆ ಹೋಗಿಬರುವುದು ಅವರ ಕೆಲಸ. ಅವತ್ತು ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋಗಿದ್ದರು. ಹೊರಡುವ ಮುಂಚೆ ಅಕ್ಕನ ಪುಸ್ತಕ ಓದಿ, ಮಂಡಿಗೆ ಹಚ್ಚುವ ಮುಲಾಮು ಕೊಂಡೊಯ್ದಿದ್ದರು. ಆ ಮುಲಾಮಿನ ಡಬ್ಬಿ ಈಗ ತೆರೆಯದೆ ಹಾಗೇ ಅವರ ಕೈಯಲ್ಲಿತ್ತು.

“ಅಕ್ಕ, ಇವತ್ತು ಮೇಷ್ಟ್ರಿಗೆ ಫೋನ್ ಮಾಡಿದ್ರಾ?”

“ಮಾಡಿದೆ. ಹತ್ತೂ ಹತ್ತಕ್ಕೆ.”

ಸಿಸ್ಟರ್ ಡಬ್ಬಿಯನ್ನು ಮೇಜಿನ ಮೇಲಿಟ್ಟರು. “ಹತ್ತೂ ಹತ್ತಕ್ಕೆ ನಾನು ಅವರ ಎದುರಿಗೇ ಕೂತಿದ್ದೆ. ಫೋನು ನಮ್ಮಿಬ್ಬರ ಮಧ್ಯೆ ಇತ್ತು. ಅದು ಉಸಿರೇ ಎತ್ತಲಿಲ್ಲ.”

ಮುಂದಿನದನ್ನು ಅವರು ನಿಧಾನವಾಗಿ ಹೇಳಿದರು. ಮಂಡಿಯ ವಿಷಯ ಎತ್ತಿದಾಗ ಮೇಷ್ಟ್ರು ತಮಗೆ ಮಂಡಿನೋವೇ ಇಲ್ಲವೆಂದಿದ್ದರು. ದಿನಾ ಅಕ್ಕನ ಹತ್ತಿರ ಮಾತಾಡುತ್ತೀರಲ್ಲ ಎಂದದ್ದಕ್ಕೆ, ಯಾವ ಅಕ್ಕ, ಯಾವ ಮಾತು ಎಂದು ಕೇಳಿ, ಇಲ್ಲೇ ಕೂತು ನೋಡಿ ಎಂದು ಗಡಿಯಾರ ತೋರಿಸಿದ್ದರು. ಐದು ತಿಂಗಳಲ್ಲಿ ಕೇಂದ್ರದಿಂದ ಅವರಿಗೆ ಒಂದು ಕರೆಯೂ ಬಂದಿರಲಿಲ್ಲ.

ಅಕ್ಕ ಪುಸ್ತಕ ತೆರೆದರು. ನೂರಾ ಹನ್ನೆರಡು ದಿನ, ಮೇಷ್ಟ್ರ ಸಾಲಿನಲ್ಲಿ ಒಂದು ಖಾನೆಯೂ ಖಾಲಿಯಿರಲಿಲ್ಲ. ಸಿಸ್ಟರ್ ಬಾಗಿ ನೋಡಿದರು. ಇಷ್ಟನ್ನೆಲ್ಲ ಕೂತು ಕಟ್ಟಿ ಬರೆಯಬಹುದೇ ಎಂಬ ಸಂಶಯ ಅವರ ಮುಖದಲ್ಲಿ ಒಂದು ಗಳಿಗೆ ಬಂದು ಹೋದದ್ದನ್ನು ಅಕ್ಕ ಕಂಡರು. ಆಫೀಸಿಗೆ ಹೋಗಿ ರಿಜಿಸ್ಟರ್ ತಂದು, ಗೋಡೆಯ ಪಟ್ಟಿಯನ್ನು ಬಿಚ್ಚಿ, ಎರಡನ್ನೂ ಕಿಟಕಿಯ ಬೆಳಕಿಗೆ ಪಕ್ಕಪಕ್ಕದಲ್ಲಿ ಹಿಡಿದರು.

ಪಟ್ಟಿಯನ್ನು ನಕಲು ಮಾಡಿದ್ದು ಚರ್ಚಿನ ಹಳೆಯ ಗುಮಾಸ್ತರು. ಇಂಕ್ ಪೆನ್ನು, ಕನ್ನಡದ ಅಂಕಿ. ಅವರು ಬರೆದ ಒಂದುಗಳೆಲ್ಲ ಕೆಳಗಡೆ ಬಾಯಿ ತೆರೆದುಕೊಂಡೇ ಇದ್ದವು. ಮೇಷ್ಟ್ರ ನಂಬರಿನ ಆರನೆಯ ಅಂಕಿಗೆ ಮಾತ್ರ ಇಂಕು ಹೆಚ್ಚಾಗಿ ಇಳಿದು ಬಾಯಿ ಮುಚ್ಚಿಕೊಂಡಿತ್ತು. ೧ ಎಂದು ಬರೆದದ್ದು ೦ ಆಗಿತ್ತು.

ಅಕ್ಕ ಕುರ್ಚಿಯಲ್ಲಿ ಕೂತರು. ಅಳೆಯುವ ಮುಂಚೆ ಉಪಕರಣ ಸೊನ್ನೆಯನ್ನು ಸರಿಯಾಗಿ ತೋರಿಸುತ್ತದೆಯೇ ನೋಡಿಕೊಳ್ಳಿ ಎಂದು ಮೂವತ್ತನಾಲ್ಕು ವರ್ಷ ವಿದ್ಯಾರ್ಥಿಗಳ ಬೆನ್ನು ಬಿದ್ದವರು ಅವರು. ಹುಡುಗರು ಅದಕ್ಕೇ ಅವರಿಗೆ ‘ಝೀರೋ ಎರರ್’ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೆ ಬಿದ್ದಾಗ ಒಳಗೊಳಗೇ ಖುಷಿಪಟ್ಟಿದ್ದರು. ಈಗ ಒಂದು ಸೊನ್ನೆಯನ್ನು ನಂಬಿ, ಒಬ್ಬ ಮನುಷ್ಯನನ್ನು ಐದು ತಿಂಗಳು ಫೋನಿನ ಮುಂದೆ ಕೂರಿಸಿದ್ದರು.

ಅವತ್ತೇ ಮಧ್ಯಾಹ್ನ ಮೇಷ್ಟ್ರ ಮನೆಗೆ ಹೋದರು. ಎರಡನೇ ಮಹಡಿ, ಇಕ್ಕಟ್ಟಿನ ಮೆಟ್ಟಿಲು. ಬಾಗಿಲು ತೆರೆದವರು ತೆಳ್ಳಗೆ ಉದ್ದಕ್ಕಿದ್ದರು, ಅಂಗಿಯ ಕೊನೆಯ ಗುಂಡಿಯವರೆಗೂ ಹಾಕಿಕೊಂಡಿದ್ದರು. ಗಣಿತದ ಮೇಷ್ಟ್ರು. ಮದುವೆಯಾಗಿರಲಿಲ್ಲ, ಜೊತೆಗಿದ್ದ ಸೋದರಿ ತೀರಿಕೊಂಡ ಮೇಲೆ ಕೆಳಮನೆಯವರು ಅವರ ಹೆಸರನ್ನು ಕೇಂದ್ರದಲ್ಲಿ ಬರೆಸಿದ್ದರು. ಕುರ್ಚಿಯ ಪಕ್ಕ ಒಂದು ಸ್ಟೂಲು, ಅದರ ಮೇಲೆ ಒಗೆದು ಮಡಿಸಿದ ಬಟ್ಟೆ, ಬಟ್ಟೆಯ ಮೇಲೆ ಫೋನು. ಅಷ್ಟು ಎತ್ತರದ ಸ್ಟೂಲನ್ನು ಫೋನಿಗೆಂದೇ ಹುಡುಕಿ ಅಲ್ಲಿಟ್ಟದ್ದು ಎಂದು ಯಾರಿಗಾದರೂ ತಿಳಿಯುವಂತಿತ್ತು.

ಅಕ್ಕ ನಿಂತೇ ತಮ್ಮ ತಪ್ಪನ್ನು ಹೇಳಿದರು, ಪಟ್ಟಿಯನ್ನು ತೋರಿಸಿದರು. ಗುಮಾಸ್ತರ ಇಂಕನ್ನು ನೆಪ ಮಾಡಲಿಲ್ಲ. ತಾವು ರಿಜಿಸ್ಟರಿನ ಜೊತೆ ಒಂದು ಸಲ ತಾಳೆ ನೋಡಬೇಕಿತ್ತು ಎಂದರು.

ಮೇಷ್ಟ್ರು ಕನ್ನಡಕ ಏರಿಸಿ ಅಂಕಿಯನ್ನು ನೋಡಿದರು. “ಮೊದಲನೇ ವಾರ ಹತ್ತು ಗಂಟೆ ಒಳಗೆ ಸ್ನಾನ ಮುಗಿಸ್ಕೊಂಡು ಕೂತಿರ್ತಿದ್ದೆ,” ಎಂದರು. “ಎರಡನೇ ವಾರ ಫೋನ್ ಕೆಟ್ಟಿದೆಯೇನೋ ಅಂತ ಕೆಳಮನೆಯವರ ಕೈಲಿ ಮಾಡಿಸಿ ನೋಡಿದೆ. ಸರಿಯಾಗೇ ಇತ್ತು. ಆಮೇಲೆ ಸ್ನಾನಕ್ಕೆ ಅವಸರ ಇರ್ಲಿಲ್ಲ.” ಪಟ್ಟಿಯನ್ನು ಹಿಂದಕ್ಕೆ ಕೊಟ್ಟರು. “ಒಂದಕ್ಕೂ ಸೊನ್ನೆಗೂ ವ್ಯತ್ಯಾಸ ಎಷ್ಟು ಅಂತ ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೆ. ನನಗೇ ಅದು ಈಗ ಗೊತ್ತಾಯ್ತು. ನನ್ನನ್ನ ಪಟ್ಟಿಯಿಂದ ತೆಗೆದುಬಿಡಿ ತಾಯಿ.”

ಮರುದಿನ ಹತ್ತೂ ಹತ್ತಕ್ಕೆ ಅಕ್ಕ ಸರಿಯಾದ ನಂಬರು ಒತ್ತಿದರು. ಫೋನು ಬಡಿದುಕೊಂಡು ಬಡಿದುಕೊಂಡು ತಾನೇ ನಿಂತಿತು. ಅದರ ಮರುದಿನವೂ ಅಷ್ಟೇ. ಕೆಳಮನೆಯವರನ್ನು ವಿಚಾರಿಸಿದಾಗ, ಮೇಷ್ಟ್ರು ಚೆನ್ನಾಗೇ ಇದ್ದಾರೆ, ಫೋನು ಹೊಡೆದುಕೊಳ್ಳುವಾಗ ಪೇಪರ್ ಓದುತ್ತಾ ಕೂತಿರುತ್ತಾರೆ ಎಂದರು.

ತಪ್ಪು ನಂಬರಿನವರದು ಬೇರೆ ಸಂಕಟ. ಅಕ್ಕ ಎರಡು ದಿನ ಆ ಕಡೆಗೆ ಫೋನು ಮಾಡಿರಲಿಲ್ಲ. ಫಾದರ್ ಹತ್ತಿರ ಕೇಳಿದಾಗ ಅವರು ಗಡ್ಡ ಕೆರೆದುಕೊಂಡು, ಪಟ್ಟಿಯಲ್ಲಿ ಇಲ್ಲದವರನ್ನು ಪಟ್ಟಿಯಿಂದ ತೆಗೆಯುವುದು ಹೇಗೋ ತಮಗೆ ಗೊತ್ತಿಲ್ಲ, ಅದನ್ನು ವಿಜ್ಞಾನದವರೇ ಬಗೆಹರಿಸಬೇಕು ಎಂದು ನಕ್ಕುಬಿಟ್ಟಿದ್ದರು. ಮೂರನೆಯ ದಿನ ಅಕ್ಕ ಬಾಯಿಪಾಠದಲ್ಲಿದ್ದ ಆ ನಂಬರು ಒತ್ತಿದರು. ಮೊದಲ ರಿಂಗಿಗೇ ಆ ಕಡೆಯವರು ಎತ್ತಿದರು.

“ಎಲ್ಲಿ ಹೋಗಿದ್ರಿ? ಮಾತ್ರೆ ನುಂಗೋದೇ ಬಿಟ್ಟಿದ್ದೀನಿ.”

ಅಕ್ಕ ಎಲ್ಲವನ್ನೂ ಹೇಳಿದರು.

“ನಂಗೆ ಎರಡನೇ ವಾರವೇ ಗೊತ್ತಾಗಿತ್ತು,” ಎಂದರು ಅವರು. “ಹಳೇ ಕ್ಲಾಸಿನ ಮಕ್ಕಳು ಬರ್ತಾರಾ ಅಂತ ಕೇಳಿದ್ರಲ್ಲ, ಆವತ್ತು. ನಾನು ಕ್ಲಾಸು ಮಾಡಿದ್ದು ಕಾರಿನೊಳಗೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ನಾನು.”

“ಮತ್ತೆ ಹೇಳಲಿಲ್ಲ ಯಾಕೆ?”

“ಹೇಳಿದ್ರೆ ಸಾರಿ ಅಂತ ಇಟ್ಟುಬಿಡ್ತಿದ್ರಿ.”

ಮನೆಯಲ್ಲಿ ಮಗಳು, ಅಳಿಯ, ಮೂವರು ಮೊಮ್ಮಕ್ಕಳು ಇದ್ದಾರೆ, ಎಲ್ಲರೂ ಒಳ್ಳೆಯವರೇ ಎಂದು ಅವರು ಹೇಳಿದರು. ಆದರೆ ಮಂಡಿ ಹೇಗಿದೆ ಎಂದು ಕೇಳಿ, ಉತ್ತರ ಬರುವವರೆಗೆ ನಿಲ್ಲುವ ಪುರುಸೊತ್ತು ಯಾರಿಗೂ ಇಲ್ಲ. ಆಮೇಲೆ ಅವರ ದನಿ ಇಳಿಯಿತು. “ಹಾಗಾದ್ರೆ ಇಷ್ಟು ದಿನ ಅವರ ಪಾಲಿನ ಮಾತು ನಾನು ತಿಂದೆ ಅಂತಾಯ್ತು. ಅಕ್ಕ, ಆ ಮನುಷ್ಯರ ನಂಬರು ಕೊಡಿ. ನಾನೇ ಮಾತಾಡ್ತೀನಿ.”

ಕೇಳದೆ ನಂಬರು ಕೊಡುವ ಹಾಗಿರಲಿಲ್ಲ. ಅಕ್ಕ ಸಿಸ್ಟರ್ ಕೈಯಲ್ಲಿ ಗಣಿತದ ಮೇಷ್ಟ್ರಿಗೆ ಹೇಳಿಕಳಿಸಿದರು. ಮಾಡುವುದು ಅವರಿಷ್ಟ, ಎತ್ತುವುದು ಬಿಡುವುದು ತಮ್ಮಿಷ್ಟ ಎಂದು ಉತ್ತರ ಬಂತು. ಮುಲಾಮಿನ ಡಬ್ಬಿಯನ್ನು ಸಿಸ್ಟರ್ ವಿಳಾಸ ಕೇಳಿಕೊಂಡು ದಾರಿಯಲ್ಲೇ ಸರಿಯಾದ ಮಂಡಿಗೆ ತಲುಪಿಸಿದರು.

ಮುಂದೆ ನಡೆದದ್ದನ್ನು ಇಬ್ಬರೂ ಅಕ್ಕನಿಗೆ ಬೇರೆಬೇರೆಯಾಗಿ ಹೇಳಿದರು, ಬೇರೆಬೇರೆ ಥರ ಹೇಳಿದರು. ಒಂದು ವಿಷಯದಲ್ಲಿ ಮಾತ್ರ ಎರಡೂ ಹೊಂದುತ್ತಿದ್ದವು. ಫೋನಿನ ಪರದೆಯ ಮೇಲೆ ಬಂದ, ಒಂದೇ ಅಂಕಿ ಬೇರೆಯಿದ್ದ ನಂಬರನ್ನು ನೋಡಿ ಗಣಿತದ ಮೇಷ್ಟ್ರು, ತಮ್ಮ ನಂಬರಿನಿಂದಲೇ ತಮಗೆ ಫೋನು ಬರುತ್ತಿದೆ ಎಂದುಕೊಂಡಿದ್ದರು. ಅಂಥ ವಿಚಿತ್ರವನ್ನು ಬಿಡಲಾಗದೆ ಎತ್ತಿಬಿಟ್ಟಿದ್ದರು.

“ಯಾರು?”

“ಮೇಷ್ಟ್ರು.”

“ಮೇಷ್ಟ್ರು ನಾನು.”

“ನಾನೂನೂ.”

ಮೊದಲ ದಿನದ ಮಾತು ಅಲ್ಲಿಗೇ ಜಗಳವಾಯಿತಂತೆ. ಎರಡನೆಯ ದಿನ ಡ್ರೈವಿಂಗ್ ಮೇಷ್ಟ್ರು ಕ್ಷಮೆ ಕೇಳಿದರು. ಮೂರನೆಯ ದಿನ, ಕಾರನ್ನು ಹಿಂದಕ್ಕೆ ತೆಗೆದು ಎರಡು ಕಾರುಗಳ ನಡುವೆ ನಿಲ್ಲಿಸುವುದು ಬರೀ ರೇಖಾಗಣಿತ, ಅದನ್ನು ಕಾಗದದ ಮೇಲೆ ಕಲಿಸಬಹುದು ಎಂದು ಗಣಿತದ ಮೇಷ್ಟ್ರು ಅಂದರು. ನಾಲ್ಕು ದಶಕ ಅದನ್ನೇ ಕಲಿಸಿ ಮೂರು ಕಂಬ, ಒಂದು ಗೇಟು ಕಳೆದುಕೊಂಡಿದ್ದ ಡ್ರೈವಿಂಗ್ ಮೇಷ್ಟ್ರಿಗೆ ಈ ಮಾತು ನುಂಗಲಾರದ ತುತ್ತಾಯಿತು. ಸ್ಟಿಯರಿಂಗ್ ಮುಟ್ಟದವರ ಬಾಯಲ್ಲಿ ಇಂಥ ಮಾತು ಬರಬಾರದು ಎಂದರು. ಗಣಿತದವರು ಚಿತ್ರ ಬರೆದು ಓದಿ ಹೇಳಿದರು. ಡ್ರೈವಿಂಗಿನವರು ಟೈರು ಎಲ್ಲಿ ತಾಗುತ್ತದೆ ಎಂದು ತಪ್ಪು ಹಿಡಿದರು. ವಾದ ಮುಗಿಯುವ ಲಕ್ಷಣ ಕಾಣಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಪಟ್ಟಿ ಶುರುಮಾಡುವ ಮೊದಲೇ ಅಕ್ಕನ ಮೇಜಿನ ಫೋನು ಹೊಡೆದುಕೊಂಡಿತು.

“ಆ ನಿಮ್ಮ ಪಟ್ಟಿ ಇನ್ನೂ ಗೋಡೆ ಮೇಲಿದೆಯಾ?” ಗಣಿತದ ಮೇಷ್ಟ್ರ ದನಿ.

“ಇದೆ. ಆ ಅಂಕಿಯೊಂದನ್ನ ತಿದ್ದಿದ್ದೀನಿ.”

“ತಿದ್ದಿದ್ದು ಸಾಲದು. ನಾಳೆ ಇನ್ನೊಬ್ಬರು ಬಂದು ಇನ್ನೊಂದು ಸೊನ್ನೆ ಓದ್ತಾರೆ. ರಿಜಿಸ್ಟರಿನ ಜೊತೆ ತಾಳೆ ನೋಡಿ, ಪಟ್ಟೀನ ಸಿಸ್ಟರ್ ಕೈಲಿ ಕಳಿಸಿ, ನಾನು ಬರೆದುಕೊಡ್ತೀನಿ.” ಇಡುವ ಮುಂಚೆ ಹೇಳಿದರು, “ನನ್ನ ನಂಬರನ್ನೂ ಸೇರಿಸಿ ಬರೀತೀನಿ.”

ಹೊಸ ಪಟ್ಟಿ ಶನಿವಾರ ಬಂತು. ಪೆನ್ಸಿಲಿನಲ್ಲಿ ಗೆರೆ ಹಾಕಿ, ಕಪ್ಪು ಇಂಕಿನಲ್ಲಿ ಬರೆದು, ಗೆರೆಯನ್ನು ರಬ್ಬರಿನಿಂದ ಒರೆಸಿದ್ದರು. ಪಟ್ಟಿಯಲ್ಲಿ ಎಷ್ಟು ಒಂದುಗಳಿದ್ದವೋ ಅಷ್ಟೂ ಕೆಳಗಡೆ ದೊಡ್ಡದಾಗಿ ಬಾಯಿ ತೆರೆದುಕೊಂಡಿದ್ದವು, ಊಟಕ್ಕೆ ಕಾದ ಹಕ್ಕಿಮರಿಗಳ ಹಾಗೆ. ಅಕ್ಕ ಅದನ್ನು ಗೋಡೆಗೆ ಅಂಟಿಸಿ, ರಿಜಿಸ್ಟರಿನ ಜೊತೆ ಮೂರು ಸಲ ತಾಳೆ ನೋಡಿದರು. ತಪ್ಪಿರಲಿಲ್ಲ. ಕಟ್ಟಕಡೆಗೆ, ಹನ್ನೆರಡರ ಕೆಳಗೆ, ರಿಜಿಸ್ಟರಿನಲ್ಲಿ ಇಲ್ಲದ ಹದಿಮೂರನೆಯ ಸಾಲೊಂದನ್ನು ಮೇಷ್ಟ್ರು ತಾವೇ ಸೇರಿಸಿದ್ದರು: ‘ಇನ್ನೊಬ್ಬ ಮೇಷ್ಟ್ರು.’ ಅದರ ಮುಂದೆ ಬಾಯಿಪಾಠದಲ್ಲಿದ್ದ ಆ ನಂಬರು.

ಸೋಮವಾರ ನರ್ಸಮ್ಮನ ಮಾತು ಮುಗಿಯಿತು, ಬೇಕರಿ ಅಜ್ಜನದೂ ಮುಗಿಯಿತು. ಹತ್ತೂ ಹತ್ತಕ್ಕೆ ಅಕ್ಕ ಗಣಿತದ ಮೇಷ್ಟ್ರ ನಂಬರು ಒತ್ತಿದರು. ಲೈನು ಬಿಜಿಯಿತ್ತು. ಒಂದು ನಿಮಿಷ ಬಿಟ್ಟು ಹದಿಮೂರನೆಯ ನಂಬರು ಒತ್ತಿದರು. ಅದೂ ಬಿಜಿ.

ಅವರು ರಿಸೀವರನ್ನು ಕಿವಿಯಿಂದ ತೆಗೆಯದೆ, ಟೂ ಟೂ ಎನ್ನುವ ಆ ಸದ್ದನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಹೊತ್ತು ಕೇಳಿದರು. ಆಮೇಲೆ ಪುಸ್ತಕದಲ್ಲಿ ನಿದ್ದೆ, ನೋವು, ಮಾತ್ರೆಯ ಖಾನೆಗಳನ್ನು ಖಾಲಿ ಬಿಟ್ಟು, ವೇಳೆಯ ಖಾನೆಯಲ್ಲಿ ೧೦.೧೧ ಎಂದು ಬರೆದರು. ಕೊನೆಯ ಎರಡು ಒಂದುಗಳನ್ನು ಬರೆಯುವಾಗ ಪೆನ್ಸಿಲನ್ನು ಬೇಗ ಎತ್ತಿದರು, ಬಾಯಿ ಮುಚ್ಚಿಕೊಳ್ಳದ ಹಾಗೆ.