ಏಕನಾಥ ಮಾಸ್ತರರು ಹೇಳಲಾರದೆ ಹೋದ ಮಾತು

ಸೊಂಟದಿಂದ ಕೆಳಗಿನ ಯಾವ ಅಂಗದ ಹೆಸರನ್ನೂ ಏಕನಾಥ ಮಾಸ್ತರರು ಉಚ್ಚರಿಸಿದ್ದನ್ನು ಸಂಶಿಯಲ್ಲಿ ಯಾರೂ ಕೇಳಿರಲಿಲ್ಲ. ಮೊಣಕಾಲ ನೋವಿಗೆ ಅವರು ‘ನಡಿಯೋ ತ್ರಾಸು’ ಎನ್ನುತ್ತಿದ್ದರು. ಹೊಟ್ಟೆ ಕೆಟ್ಟರೆ ‘ಪ್ರಕೃತಿ ನೆಟ್ಟಗಿಲ್ಲ’ ಎಂದು ರಜಾಚೀಟಿ ಬರೆಯುತ್ತಿದ್ದರು. ವೈಶಾಖದ ಬಿಸಿಲಿನಲ್ಲೂ ಕರಿಯ ಕೋಟಿನ ಗುಂಡಿಗಳನ್ನು ಕೊರಳತನಕ ಹಾಕಿಕೊಂಡು, ಧೋತರದ ಅಂಚು ಗಾಳಿಗೆ ಹಾರದಂತೆ ಎಡಗೈಯಲ್ಲಿ ಒತ್ತಿ ಹಿಡಿದು, ಸಣ್ಣ ಸಣ್ಣ ಹೆಜ್ಜೆಯಿಡುತ್ತ ಓಣಿಯಲ್ಲಿ ಬರುವ ಆ ಕೃಶ ಆಕೃತಿಯನ್ನು ಕಂಡರೆ, ಕಟ್ಟೆಯ ಮೇಲೆ ಹರಟುತ್ತಿದ್ದವರು ಬೈಗುಳವನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದರು. ಅದೇ ಶಾಲೆಯಲ್ಲಿ ನಾನು ಅವರಿಗಿಂತ ಇಪ್ಪತ್ತು ವರ್ಷ ಕಿರಿಯ ಶಿಕ್ಷಕ. ಅವರ ಸಂಕೋಚವನ್ನು ಗೌರವಿಸುತ್ತಿದ್ದೆ. ಬೆನ್ನ ಹಿಂದೆ ಅದನ್ನೇ ಅನುಕರಿಸಿ ನಾಲ್ವರನ್ನು ನಗಿಸುತ್ತಲೂ ಇದ್ದೆ.

ಮಕ್ಕಳಿಲ್ಲದ ಆ ಮನೆಯಲ್ಲಿ ಕೆಂಪ್ಯಾ ಎಂಬ ನಾಯಿಯಿತ್ತು. ಮಾಸ್ತರರು ಅದನ್ನು ‘ಬಾರಪಾ’ ಎಂದಲ್ಲದೆ ಕರೆದವರಲ್ಲ. ಎಪ್ಪತ್ನಾಲ್ಕರ ಸಂಕ್ರಾಂತಿ ಕಳೆದ ಮೇಲೆ ಕೆಂಪ್ಯಾ ಹಿಂಭಾಗವನ್ನು ನೆಲಕ್ಕೆ ಹಚ್ಚಿ ಅಂಗಳದ ತುಂಬ ತೆವಳತೊಡಗಿತು. ಬಾಲದ ಬುಡವನ್ನು ಒಂದೇ ಸವನೆ ನೆಕ್ಕುತ್ತಿತ್ತು. ಅದು ಕುಳಿತೆದ್ದ ಜಮಖಾನೆಯಲ್ಲಿ ಕೊಳೆತ ಮೀನಿನಂಥ ನಾತ ಉಳಿಯುತ್ತಿತ್ತು. ಓಣಿಯವರು ಜಂತು ಎಂದು ನಕ್ಕರು. ಮಾಸ್ತರರ ಪತ್ನಿ ವತ್ಸಲಾಬಾಯಿ ಎಂಟು ದಿನ ಬೇವಿನ ರಸ ಕುಡಿಸಿದರು. ಗುಣ ಕಾಣದಿದ್ದಾಗ ಅವರೇ ಹಟ ಹಿಡಿದು ಗಂಡನನ್ನು ಕುಂದಗೋಳದ ದನದ ದವಾಖಾನೆಗೆ ಕಳಿಸಿದರು. ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳುವುದಿಲ್ಲವೆಂದು ಅದನ್ನು ಮನೆಯಲ್ಲೇ ಬಿಟ್ಟು ಮಾಸ್ತರರು, ಜೊತೆಗೆ ನಾನು, ಇಬ್ಬರೇ ಹೋದೆವು.

ಡಾಕ್ಟರ ಗುಲಾಮಹುಸೇನರು ಎಮ್ಮೆಯೊಂದಕ್ಕೆ ಸೂಜಿ ಚುಚ್ಚುತ್ತಿದ್ದರು. ಹಗ್ಗ ಹಿಡಿದು ಇಬ್ಬರು ಹೆಂಗಸರು ನಿಂತಿದ್ದರು. ನಾಯಿಯ ಔಷಧಕ್ಕೆ ಬಂದದ್ದೆಂದು ಮಾಸ್ತರರು ಹೇಳಿದರು.

“ನಾಯಿಗೆ ಏನಾಗೇತ್ರಿ ಮಾಸ್ತರ?”

ಮಾಸ್ತರರ ಕಿವಿ ಕೆಂಪಾದವು. “ಅಂದ್ರ... ಊಟ ಸೇರವಲ್ತರಿ ಅದಕ್ಕ.”

ಡಾಕ್ಟರು ಹಸಿವೆಯ ಪುಡಿ ಕಟ್ಟಿಕೊಟ್ಟರು. ಅಂದು ಮುಂಜಾನೆ ಕೆಂಪ್ಯಾ ಎರಡು ರೊಟ್ಟಿ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಬಾಯಿ ಬಿಡಲಿಲ್ಲ. ಮರುದಿನ ಶಾಲೆಯಲ್ಲಿ ಈ ಪ್ರಸಂಗವನ್ನು ಹೇಗೆ ಹೇಳಿ ನಗಿಸಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದೆ.

ಹನ್ನೆರಡು ದಿನಕ್ಕೆ ಬಾಲದ ಬಾಜು ನಿಂಬೆಹಣ್ಣಿನಷ್ಟು ಬಾವು ಎದ್ದಿತು. ಮಾಸ್ತರರು ಅರಿಶಿನ ಹಚ್ಚಲು ಹೋದರೆ, ಎಂದೂ ಗುರ್ ಎನ್ನದ ನಾಯಿ ಅವರ ಕೈಗೇ ಬಾಯಿ ಹಾಕಿತು. ಎರಡು ದಿನ ಬಿಟ್ಟು ಬಾವು ಒಡೆಯಿತು. ಈಗ ಕೆಂಪ್ಯಾ ನಿಜವಾಗಿಯೇ ಊಟ ಬಿಟ್ಟಿತು. ನೆರೆಮನೆಯ ಶಂಭುಲಿಂಗಪ್ಪನ ಚಕ್ಕಡಿಯಲ್ಲಿ ಮೇವು ಹಾಸಿ ಮಲಗಿಸಿಕೊಂಡು ಒಯ್ದೆವು. ಡಾಕ್ಟರು ಬಾಲವೆತ್ತಿ ನೋಡಿ, ಕೀವು ತೊಳೆದು, ಇಂಜೆಕ್ಷನ್ ಕೊಟ್ಟರು. ನಾಯಿಗಳಿಗೆ ಆ ಜಾಗದ ಎರಡೂ ಕಡೆ ಒಂದೊಂದು ಪುಟ್ಟ ಚೀಲವಿರುತ್ತದೆ, ಅದರ ಬಾಯಿ ಕಟ್ಟಿದರೆ ಹೀಗೆ ತೆವಳುತ್ತವೆ, ನೆಕ್ಕುತ್ತವೆ, ನಾರುತ್ತವೆ. ಆಗಲೇ ತಂದರೆ ಒತ್ತಿ ಖಾಲಿ ಮಾಡಬಹುದು, ಬಾವೋ ರಕ್ತವೋ ಕಂಡರಂತೂ ಒಂದು ದಿನವೂ ತಡ ಮಾಡಬಾರದು ಎಂದು ವಿವರಿಸಿದರು.

“ಅವತ್ತ ಇದನ್ನ ಹೇಳಿದ್ದರ ಎರಡು ಮಿನಿಟಿನ ಕೆಲಸಿತ್ತರಿ. ಈಗ ನಂಜು ಮೈಗೆಲ್ಲ ಏರೇತಿ.”

ಕೆಂಪ್ಯಾ ನಾಲ್ಕನೆಯ ದಿನ ಮುಂಜಾನೆ ತೀರಿಕೊಂಡಿತು. ಹಿತ್ತಲಲ್ಲಿ ಮಣ್ಣು ಮಾಡಿ ಕೈ ತೊಳೆಯುವಾಗ ಮಾಸ್ತರರು ನನ್ನ ಮುಖ ನೋಡದೆ ಅಂದರು: “ನಾ ಸುಳ್ಳ ಹೇಳಿದೆ. ನಿಮಗೂ ಗೊತ್ತಿತ್ತು.”

ಆಕ್ಷೇಪದ ಧ್ವನಿಯಾಗಿರಲಿಲ್ಲ ಅದು. ಆಗಿದ್ದರೆ ಚೆನ್ನಾಗಿತ್ತು.

ಮರುವರ್ಷ ಬಾವಿಕಟ್ಟೆಯ ಹತ್ತಿರ ರೇವವ್ವ ಎಂಬಾಕೆಯ ನಾಯಿ ಹಾಗೇ ತೆವಳುತ್ತಿತ್ತು. ನೀರಿಗೆ ಬಂದ ಹೆಂಗಸರ ನಡುವೆ ಮಾಸ್ತರರು ನಿಂತರು. “ರೇವವ್ವಾ, ನಾಯಿ ಗುದದ ಬಾಜು ಚೀಲ ತುಂಬ್ಯಾವ. ಇವತ್ತ ಕುಂದಗೋಳಕ್ಕ ಒಯ್ಯಿರಿ.” ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾಸ್ತರರ ಕಿವಿ ಮತ್ತೆ ಕೆಂಪಾದವು. ಮಾತು ಮಾತ್ರ ಅರ್ಧಕ್ಕೆ ನಿಲ್ಲಲಿಲ್ಲ. ಆ ನಾಯಿ ಬದುಕಿತು.

ತಮ್ಮ ಸಭ್ಯತೆಗಾಗಿ ಮತ್ತೊಂದು ಜೀವ ನೋಯುತ್ತದೆ ಎಂಬುದು ಇಂಥ ಸಜ್ಜನರಿಗೆ ತಡವಾಗಿ ತಿಳಿಯುತ್ತದೆ. ತಿಳಿದ ಮೇಲೆ, ಮುಖ ಕೆಂಪೇರಿದರೂ, ಅವರು ಆ ಮಾತನ್ನು ಆಡಿಯೇ ಆಡುತ್ತಾರೆ. ಏನನ್ನು ಆಡಲೂ ನಾಚದ ನಮ್ಮಂಥವರು ಮಾತ್ರ, ಒಂದೇ ಒಂದು ಮಾತು ಬೇಕಿದ್ದ ಗಳಿಗೆಯಲ್ಲಿ, ಪಕ್ಕದಲ್ಲಿ ಕುಳಿತು ತಮಾಷೆ ನೋಡಿರುತ್ತೇವೆ.