ಹುಳಿ ಬೇಡದ ಕೆಸು

ಸರಸಳ ಕೆಸುವಿನ ಗೆಡ್ಡೆ ಡಿಸೆಂಬರಿನಲ್ಲಿ ಅಗೆದದ್ದು ಮೇ ತಿಂಗಳಿಗೂ ಕಲ್ಲಿನ ಹಾಗೆ ಗಟ್ಟಿ. ಅದರಲ್ಲಿ ಮಾಯಾಮಂತ್ರವೇನೂ ಇಲ್ಲ. ನೀರು ಮುಟ್ಟಿಸದೆ, ಮೈಗಂಟಿದ ಮಣ್ಣಿನ ಸಮೇತ ನೆರಳಿನಲ್ಲಿ ಒಣಗಿಸುತ್ತಾಳೆ. ಗುದ್ದಲಿ ತಾಗಿದ್ದನ್ನು ಅಂದೇ ಬೇಯಿಸಿ, ಉಳಿದದ್ದನ್ನು ಒಣ ಹೊಳೆಮರಳಿನ ಪೆಟ್ಟಿಗೆಯಲ್ಲಿ ಒಂದಕ್ಕೊಂದು ತಾಗದಂತೆ ಹುಗಿಯುತ್ತಾಳೆ. ಅಮ್ಮ ಕಲಿಸಿದ್ದು. ಕೆಸುವೂ ಅಮ್ಮನದೇ. ಅದರ ಎಲೆಯ ಪತ್ರೊಡೆಗೆ ಹುಳಿಯೇ ಬೇಡ, ಹಾಕದಿದ್ದರೂ ಬೇರೆ ಕೆಸುವಿನ ಹಾಗೆ ಗಂಟಲು ತುರಿಸುವುದಿಲ್ಲ. ತವರಿನ ಹಿತ್ತಲು ಹೆದ್ದಾರಿಯ ಪಾಲಾದ ಮೇಲೆ ಆ ತಳಿ ಉಳಿದದ್ದು ಈ ಪೆಟ್ಟಿಗೆಯೊಳಗೆ ಮಾತ್ರ.

ಏಪ್ರಿಲಿನಲ್ಲಿ ಗಂಡನ ಮೊಣಕಾಲಿನ ಆಪರೇಷನ್ ಆಗಿ ಸರಸ ಹತ್ತು ದಿನ ಕುಂದಾಪುರದ ಆಸ್ಪತ್ರೆಯಲ್ಲಿದ್ದಳು. ಮನೆ, ದನ ನೋಡಿಕೊಳ್ಳಲು ಸಾಲಿಗ್ರಾಮದಿಂದ ತಂಗಿ ವಿನಯಾ ಬಂದಳು. ಒಡಹುಟ್ಟಿದವಳಿರುವಾಗ ಇನ್ಯಾರನ್ನು ಕರೆಯುವುದು?

ಮೇ ಕೊನೆಗೆ ನೆಡಲೆಂದು ಮರಳು ಕೆದಕಿದರೆ ಗಬ್ಬು ನಾತ. ಒಂದೂ ಉಳಿದಿರಲಿಲ್ಲ. ಕೊಳೆತ ಗೆಡ್ಡೆಗಳ ಮೇಲೆ ಮಣ್ಣಿನ ಕಣವೂ ಇಲ್ಲದ್ದು ಕಂಡು ಅವಳು ತಂಗಿಗೆ ಫೋನ್ ಮಾಡಿದಳು.

"ಮಣ್ಣ್ ಇತ್ತಲೆ ಅಂದೇಳಿ ತೊಳ್ದ್ ಇಟ್ಟೆ ಅಕ್ಕ. ನಂಗೆ ಗೊತ್ತಾಯ್ಲೆ," ಎಂದು ವಿನಯಾ ಬಿಕ್ಕಿ ಬಿಕ್ಕಿ ಅತ್ತಳು. ಸರಸಳ ಕಣ್ಣಲ್ಲೂ ನೀರು ಬಂತು. ಆದರೂ ನುಂಗಿಕೊಂಡು, ಹೋದದ್ದು ಹೋಯಿತು ಬಿಡು ಎಂದು ಅರ್ಧ ಗಂಟೆ ಅವಳನ್ನೇ ಸಮಾಧಾನ ಮಾಡಿದಳು.

ಆಗಸ್ಟಿನಲ್ಲಿ ಸಾಲಿಗ್ರಾಮದ ದೇವಸ್ಥಾನಕ್ಕೆ ಬಂದ ಸರಸ ಹೇಳದೆ ಕೇಳದೆ ತಂಗಿಯ ಮನೆಗೂ ಹೋದಳು. ವಿನಯಾ ಮನೆಯಲ್ಲಿರಲಿಲ್ಲ. ಅವಳ ಮಗಳು ಅನಿಷಾ ದೊಡ್ಡಮ್ಮ ಬಂದರೆಂಬ ಖುಷಿಯಲ್ಲಿ ಬಿಸಿ ಪತ್ರೊಡೆ ಬಡಿಸಿದಳು. ಎರಡು ತುಂಡು ತಿಂದರೂ ಹುಳಿಯ ಸುಳಿವಿಲ್ಲ, ಗಂಟಲು ತಣ್ಣಗಿತ್ತು. ಸರಸಳ ಕೈ ತಟ್ಟೆಯಲ್ಲೇ ನಿಂತಿತು. ಹಿತ್ತಲ ಬಾಗಿಲಿನಾಚೆ ಕೆಸುವಿನ ಸಾಲು ಎದೆಮಟ್ಟ ಬೆಳೆದಿತ್ತು.

ಪೆಟ್ಟಿಗೆಯಲ್ಲಿ ಕೊಳೆತಿದ್ದ ತೊಳೆದ ಗೆಡ್ಡೆಗಳು ಅಂಗಡಿಯವು. ಅಮ್ಮನವು ಆ ಹತ್ತು ದಿನದಲ್ಲೇ ಇಲ್ಲಿಗೆ ಬಂದಿದ್ದವು.

ಅಷ್ಟರಲ್ಲಿ ವಿನಯಾ ಒಳಗೆ ಬಂದು, ಅಕ್ಕನ ತಟ್ಟೆ ನೋಡಿ ಬಾಗಿಲಲ್ಲೇ ನಿಂತಳು.

"ನೀ ಕೇಂಡಿದ್ರೆ ನಾ ಅರ್ಧ ಕೊಡ್ತಿದ್ದೆ," ಎಂದಳು ಸರಸ.

"ನೀ ಕೊಡ್ತಿದ್ದೆ. ಆದ್ರೆ ಊರ್ನರ್ ಅದನ್ನೂ ಸರಸಕ್ಕನ ಕೆಸು ಅಂದೇ ಹೇಳ್ತಿದ್ರ್. ನಂಗೆ ಅಮ್ಮನ್ದ್ ಎಂತ ಇತ್ತ್?" ವಿನಯಾ ದನಿ ತಗ್ಗಿಸಿದಳು. "ಎರಡ್ ಸಸಿ ಕಿತ್ತ್ ಕೊಡ್ತೆ, ತಕೊಂಡ್ ಹೋಗ್."

ಸರಸ ಕೈ ತೊಳೆದು ಚಪ್ಪಲಿ ಮೆಟ್ಟಿದಳು. ಸಸಿ ಬೇಡವೆಂದಳು. ಕೆಸು ಹೋದದ್ದನ್ನಾದರೂ ಮರೆತಾಳು. ಫೋನಿನಲ್ಲಿ ಆ ಅಳು ಕೇಳಿ ತನ್ನ ಕಣ್ಣಲ್ಲೂ ನೀರು ಬಂದಿತ್ತಲ್ಲ, ಅದನ್ನು ಮರೆಯುವುದು ಅವಳಿಂದಾಗದು.