ನೋಡುವಂಥ ಜಾಗಗಳು

ಹಿಂದಿನ ಸೀಟು ಇನ್ನೂ ಒಣಗಿರಲಿಲ್ಲ. ರಾಮನಗರದ ಬಸ್ ಸ್ಟ್ಯಾಂಡಿನ ಎದುರು, ಕಾರ್ಖಾನೆಗೆ ಬಾಡಿಗೆಗೆ ಓಡಿಸುವ ತನ್ನ ಕ್ವಾಲಿಸ್ ನಿಲ್ಲಿಸಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ನಟರಾಜು ಸೀಟಿನ ಮೇಲೆ ಹಾಸಿದ್ದ ಟವೆಲನ್ನು ಅಂಗೈಯಿಂದ ಒತ್ತಿ ನೋಡಿದ. ತೇವ ಮೇಲಕ್ಕೆ ಬಂತು. ಟವೆಲನ್ನು ಇನ್ನೊಂದು ಮಡಿಕೆ ಮಡಿಸಿ ಹಾಸಿದ. ಗಾಡಿ ತೊಳೆದವನು ಸೋಪು ಹಾಕಿ ತಿಕ್ಕುತ್ತ, ಏನಣ್ಣ ಕುರಿ ಸಾಗಿಸಿದ್ಯಾ ಎಂದು ಕೇಳಿದ್ದ.

ಅವತ್ತು ಬೆಳಗ್ಗೆ ಬಿಡದಿಯ ಕಾರ್ಖಾನೆಯಲ್ಲಿ ಮೊದಲ ಪಾಳಿ ಶುರುವಾದ ಸ್ವಲ್ಪ ಹೊತ್ತಿಗೆ, ಪ್ರೆಸ್ ಮಿಷಿನ್ನಿನಲ್ಲಿ ತಗಡು ಸಿಕ್ಕಿಕೊಂಡಿತೆಂದು ಬಗ್ಗಿದ ಹುಡುಗನ ಮೇಲೆ ಮಿಷಿನ್ನು ಇಳಿದಿತ್ತು. ಆಂಬುಲೆನ್ಸಿಗೆ ಕಾಯದೆ ಅವನನ್ನು ಇದೇ ಸೀಟಿನ ಮೇಲೆ ಮಲಗಿಸಿಕೊಂಡು ನಟರಾಜು ಆಸ್ಪತ್ರೆಗೆ ಓಡಿಸಿದ್ದ. ರೈಲ್ವೆ ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಬರುತ್ತಿದ್ದ ನರಳಾಟ ನಿಂತುಹೋಯಿತು. ಹುಡುಗನ ಹೆಸರು ಸಿದ್ಧಾರ್ಥ. ಐಟಿಐ ಮುಗಿಸಿ ಗುತ್ತಿಗೆ ಮೇಲೆ ಸೇರಿದ್ದವನು. ಈಗ ಅವನ ಅಪ್ಪ ಅಮ್ಮ ಕನಕಪುರದ ಕಡೆಯ ಉಯ್ಯಂಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೈಗೆ ಪೆಟ್ಟಾಗಿದೆ, ಬನ್ನಿ ಎಂದಷ್ಟೇ ಅವರಿಗೆ ಫೋನು ಹೋಗಿತ್ತು.

ಕಾರ್ಖಾನೆಯ ಆಫೀಸಿನ ಪ್ರತಿಮಾ ಮೇಡಂ ನಟರಾಜುವನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದ್ದರು. ನೇರವಾಗಿ ಬಿಡದಿಗೆ ಕರೆದುಕೊಂಡು ಬರಬೇಡ. ಸಂಜೆವರೆಗೂ ಡಾಕ್ಟರು ಯಾರನ್ನೂ ಒಳಗೆ ಬಿಡುವುದಿಲ್ಲ ಎನ್ನು. ಚನ್ನಪಟ್ಟಣದ ಕಡೆ ಸುತ್ತಾಡಿಸು, ಬೊಂಬೆ ಗಿಂಬೆ ತೋರಿಸು, ಊಟ ಮಾಡಿಸು. ಎಷ್ಟು ಜನ ಗೆಸ್ಟುಗಳನ್ನು ಸುತ್ತಾಡಿಸಿದವನು ನೀನು, ನಿನಗೆ ನಾನು ಹೇಳಿಕೊಡಬೇಕಾ? ಹೇಳುವಾಗ ಆಕೆ ಒಮ್ಮೆಯೂ ಅವನ ಮುಖ ನೋಡಲಿಲ್ಲ.

ಅದು ನಿಜವೇ. ಪುಣೆಯಿಂದಲೋ ಚೆನ್ನೈನಿಂದಲೋ ಕಾರ್ಖಾನೆಗೆ ಬಂದವರು ಗಾಡಿ ಹತ್ತಿದ ಕೂಡಲೇ ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳುತ್ತಿದ್ದರು. ಬಿಡದಿಯಲ್ಲಿ ನೋಡುವಂಥದ್ದು ಏನೂ ಇಲ್ಲ ಸಾರ್, ತಿನ್ನುವಂಥದ್ದು ಐತೆ, ಎಂದು ನಟರಾಜು ಶುರು ಮಾಡುತ್ತಿದ್ದ. ತಟ್ಟೆ ಇಡ್ಲಿಯನ್ನು ಬೆಣ್ಣೆ ಕರಗುವ ಮೊದಲೇ ತಿನ್ನಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ಮೂಗು ಮುಚ್ಚಿಕೊಳ್ಳಲು ಕರ್ಚೀಫು ಜೊತೆಗಿರಬೇಕು. ಬಂಡೆಬೆಟ್ಟಗಳನ್ನು ಸಂಜೆ ಬಿಸಿಲಿನಲ್ಲಿ ನೋಡಬೇಕು. ಕಾರ್ಖಾನೆಯ ಲಾರಿಗಳು ನಿಲ್ಲುವ ಜಾಗ ತನ್ನಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಎಂಬುದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಅದನ್ನು ಕೇಳಿ ಅವರಿಗೇನಾಗಬೇಕು?

ಕನಕಪುರದ ಬಸ್ಸಿನಿಂದ ಇಳಿದವರನ್ನು ಅವನು ಕೂಡಲೇ ಗುರುತಿಸಿದ. ಅಪ್ಪನದು ಹುಡುಗನದೇ ಅಗಲ ಹಣೆ, ಅದೇ ದಪ್ಪ ಹುಬ್ಬು. ಗಂಗಯ್ಯ ನಿವೃತ್ತ ಪ್ರೈಮರಿ ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ಅವರ ಹೆಂಡತಿ ದೊಡ್ಡಲಕ್ಷ್ಮಮ್ಮ ಸ್ಟೀಲಿನ ಕ್ಯಾರಿಯರನ್ನು ಎದೆಗವಚಿಕೊಂಡಿದ್ದರು. ಗಾಡಿ ಹತ್ತಿ ಟವೆಲಿನ ಮೇಲೆ ಕೂತವರೇ ಕೇಳಿದರು.

"ಯಾವ ಕೈ ಮಗ?"

ನಟರಾಜುವಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿದ. "ಎಡಗೈ ಅನ್ಸುತ್ತೆ ಅವ್ವ."

"ಅಂಗಾದ್ರೆ ಉಣ್ಕತ್ತಾನೆ ಬುಡು. ಬಲಗೈ ಆಗಿದ್ರೆ ನಾನೇ ಉಣ್ಸಬೇಕಾಗಿತ್ತು. ಉಪ್ಸಾರು ಮಾಡ್ಕಂಡು ಬಂದಿವ್ನಿ."

ಗಾಡಿಯನ್ನು ಮೈಸೂರು ಕಡೆಗೆ ತಿರುಗಿಸಿದ. ಸಂಜೆವರೆಗೂ ಒಳಗೆ ಬಿಡುವುದಿಲ್ಲವಂತೆ, ಅಲ್ಲೀವರೆಗೂ ಹಿಂಗೆ ಒಂದು ಸುತ್ತು ಹೋಗಿ ಬರೋಣ ಎಂದ. ಹಿಂದಿನ ಸೀಟಿನ ಮೌನ ತಾಳಲಾಗದೆ ನಟರಾಜು ಗೆಸ್ಟುಗಳಿಗೆ ಹೇಳುವುದನ್ನೇ ಹೇಳತೊಡಗಿದ. ಬೆಟ್ಟ ತೋರಿಸಿದ, ಬೊಂಬೆಗೆ ಅರಗಿನ ಬಣ್ಣ ಹಚ್ಚುವುದು ಹೇಗೆಂದು ವಿವರಿಸಿದ, ಬಿಡದಿಯ ಇಡ್ಲಿಯ ಮಾತು ತೆಗೆದ. ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳಿಸುತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ಇಡ್ಲಿಯ ಮಾತಿಗೆ ಗಂಗಯ್ಯ ಮೇಷ್ಟ್ರು ಮೊದಲ ಸಲ ಬಾಯಿ ತೆರೆದರು. ಮಗ ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನು ಮಾಡಿ ಅದನ್ನೇ ಹೇಳಿದ್ದನಂತೆ. ಅಪ್ಪಾ, ನೀನೊಂದು ಸಲ ಇಲ್ಲಿಗೆ ಬರಬೇಕು. ಎಲ್ಲರೂ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತು ತಿನ್ನುತ್ತಾರೆ. ನೀನು ಯಾವ ಕೇರಿಯವನು ಎಂದು ಒಬ್ಬನೂ ಕೇಳುವುದಿಲ್ಲ.

"ನಮ್ಮಪ್ಪ ಹೋಟ್ಲು ಬಾಗಿಲ ಹೊರಗೆ ನಿಂತ್ಕಂಡು, ತೆಂಗಿನ ಚಿಪ್ಪಲ್ಲಿ ಟೀ ಕುಡಿದವನು," ಎಂದರು ಮೇಷ್ಟ್ರು. "ಅದಕ್ಕೇ ಅವನಿಗೆ ಆ ಬೆಂಚು ಅಷ್ಟು ದೊಡ್ಡದಾಗಿ ಕಂಡಿತ್ತು."

ನಟರಾಜು ಗೇರು ಬದಲಿಸಿದ. ತನ್ನ ತಾತನ ಮನೆಯ ಜಗಲಿಯ ತುದಿಯಲ್ಲೂ ಕೂಲಿಗೆ ಬಂದವರಿಗೆಂದು ಅಂಥ ಚಿಪ್ಪುಗಳು ಇದ್ದವು.

ಚನ್ನಪಟ್ಟಣದಲ್ಲಿ ಬಾಬಾಜಾನ್ ಸಾಬರ ಬೊಂಬೆ ಅಂಗಡಿ ನಟರಾಜು ಯಾವಾಗಲೂ ಗಾಡಿ ನಿಲ್ಲಿಸುವ ಜಾಗ. ಸಾಬರು ಗೆಸ್ಟುಗಳು ಬಂದರೆಂದು ಎದ್ದು ಬಂದು, ಗಾಜಿನ ಮೇಲೆ ಬುಗುರಿ ತಿರುಗಿಸಿ ತೋರಿಸಿದರು. ದೊಡ್ಡಲಕ್ಷ್ಮಮ್ಮ ಕ್ಯಾರಿಯರನ್ನು ಕೆಳಗಿಡದೆ ಅದನ್ನೇ ನೋಡುತ್ತ ನಿಂತರು. ಹೆರಿಗೆಗೆ ಬಂದಿದ್ದ ಮಗಳು ಧನಲಕ್ಷ್ಮಿಯ ಕೂಸು ಮನೆಯಲ್ಲಿತ್ತು. ಸೋದರಮಾವನ ಕೈಯಲ್ಲೇ ಒಂದು ಗಿಲಕಿ ಕೊಡಿಸಿದರಾಯಿತು ಎಂದು ಒಂದೊಂದನ್ನೇ ಅಲ್ಲಾಡಿಸಿ ಕಿವಿಗೆ ಹಿಡಿದು ನೋಡತೊಡಗಿದರು.

ಅಷ್ಟರಲ್ಲಿ ನಟರಾಜುವಿನ ಮೊಬೈಲು ಬಡಿದುಕೊಂಡಿತು. ಸಿದ್ಧಾರ್ಥನ ಪಕ್ಕದ ಮಿಷಿನ್ನಿನಲ್ಲಿ ಕೆಲಸ ಮಾಡುವ ಶುಕೂರ್. ಪಾಯಿಖಾನೆಯೊಳಗಿಂದ ಮಾತಾಡುತ್ತಿದ್ದೇನೆ ಎಂದ. ಕೈ ತಲೆ ಒಳಗೆ ಹೋಗದಂತೆ ಮಿಷಿನ್ನಿನ ಮುಂದೆ ಇರಬೇಕಾದ ಜಾಲರಿಯನ್ನು ಕೆಲಸ ನಿಧಾನವಾಗುತ್ತದೆಂದು ಹಬ್ಬಕ್ಕೂ ಮೊದಲೇ ಬಿಚ್ಚಿಸಿದ್ದರು. ಈಗ ವೆಲ್ಡರನ್ನು ಕರೆಸಿ ಮತ್ತೆ ಕೂರಿಸುತ್ತಿದ್ದಾರೆ. ಪೊಲೀಸರು ಮಹಜರಿಗೆ ಬರುವಷ್ಟರಲ್ಲಿ ಎಲ್ಲ ಸರಿಯಾಗಿರಬೇಕಂತೆ. ಹುಡುಗನೇ ಜಾಲರಿ ಸರಿಸಿ ತಲೆ ಹಾಕಿದ ಎಂದು ಹೇಳಬೇಕೆಂದು ಎಲ್ಲರನ್ನೂ ನಿಲ್ಲಿಸಿ ಹೇಳಿದ್ದಾರೆ.

"ಹುಡುಗನ ಕಡೇರು ಯಾರಾದ್ರೂ ಬಂದ್ರೆ ಈಗ್ಲೇ ಬರ್ಬೇಕು ಕಣಣ್ಣ," ಎಂದು ಶುಕೂರ್ ಫೋನಿಟ್ಟ.

ನಟರಾಜು ತಿರುಗಿದಾಗ ಗಂಗಯ್ಯ ಮೇಷ್ಟ್ರು ಹಿಂದೆಯೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೊಡೆಯನ್ನು ಎರಡೂ ಕೈಯಲ್ಲಿ ನೆಲಕ್ಕೂರಿಕೊಂಡಿದ್ದರು.

"ಬಿಡದಿ ಬೆಂಗಳೂರು ದಿಕ್ಕಿಗೆ ಅಲ್ವೇನಪ್ಪ?" ಎಂದರು. "ರಾಮನಗರ ಬಿಟ್ಟಾಗ್ಲಿಂದ ಮೈಸೂರಿನ ಮೈಲಿಗಲ್ಲುಗಳನ್ನ ಓದ್ಕೊಂಡು ಬಂದೆ. ಮಗನಿಗೆ ಬರೀ ಗಾಯ ಆಗಿದ್ರೆ ಅಪ್ಪ ಅಮ್ಮನ್ನ ಯಾರೂ ಬೊಂಬೆ ನೋಡೋಕೆ ಕರ್ಕೊಂಡು ಬರಲ್ಲ."

ನಟರಾಜು ರಸ್ತೆಯ ಕಡೆ ನೋಡಿದ.

"ಬದುಕವ್ನಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ರಾಮನಗರದಿಂದ ಅದನ್ನು ಹೇಳಿ ಹೇಳಿ ಸಲೀಸಾಗಿತ್ತು. ಆದರೆ ಮೇಷ್ಟ್ರ ಮುಖದ ಮೇಲಿದ್ದ ಆ ಅಗಲ ಹಣೆಯನ್ನು ಅವನು ಬೆಳಗ್ಗೆ ತನ್ನ ಕೈಯಲ್ಲೇ ಹಿಡಿದೆತ್ತಿದ್ದ.

"ಇಲ್ಲ ಮೇಷ್ಟ್ರೇ. ನನ್ನ ಗಾಡೀಲೇ ಹೋದ."

ಮೇಷ್ಟ್ರು ಅಳಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು. ಒಳಗಿನಿಂದ ಗಿಲಕಿಯ ಸದ್ದು ಬರುತ್ತಲೇ ಇತ್ತು. ನಟರಾಜು ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಜಾಲರಿಯ ವಿಷಯವನ್ನು ಒಂದೂ ಬಿಡದೆ ಹೇಳಿದ. ಕೇಳಿದ ಮೇಲೆ ಮೇಷ್ಟ್ರು ಒಂದೇ ಮಾತು ಕೇಳಿದರು: ಹೀಗೆ ಹೇಳಿದ್ದಕ್ಕೆ ನಿನಗೆ ತೊಂದರೆಯಾಗುವುದಿಲ್ಲವಾ? ಆಗುತ್ತದೆ ಎಂದ ನಟರಾಜು. ಮೇಷ್ಟ್ರು ತಲೆಯಾಡಿಸಿ, ಹೆಂಡತಿಯನ್ನು ಕರೆತರಲು ಒಳಗೆ ಹೋದರು.

ಎಲ್ಲಿಗೆ ಮೊದಲು ಎಂದು ನಟರಾಜು ಕೇಳಿದಾಗ ಅವರು ಆಸ್ಪತ್ರೆ ಎನ್ನಲಿಲ್ಲ. "ಅವನು ಇನ್ನೆಲ್ಲಿಗೂ ಹೋಗಲ್ಲ. ಆ ಮಿಷಿನ್ನು ಮೊದಲು," ಎಂದರು, ಹೆಂಡತಿಗೆ ಕೇಳದಷ್ಟು ಮೆಲ್ಲಗೆ.

ರಾಮನಗರ ದಾಟಿದ ಮೇಲೆ ಮೇಷ್ಟ್ರು ಹೆಂಡತಿಯ ಕೈ ಹಿಡಿದು ಹೇಳಿದರು. ನಟರಾಜು ಎದುರಿಗಿದ್ದ ಕನ್ನಡಿಯನ್ನು ಮೊದಲೇ ಮೇಲಕ್ಕೆ ತಿರುಗಿಸಿಬಿಟ್ಟಿದ್ದ. ಆದರೂ ಕಿವಿ ಮುಚ್ಚಿಕೊಳ್ಳಲಾಗಲಿಲ್ಲ. ದೊಡ್ಡಲಕ್ಷ್ಮಮ್ಮ ಮೊದಲು ನಂಬಲಿಲ್ಲ. ಎಡಗೈ ಅಂದ್ನಲ್ಲ ಈ ಹುಡುಗ, ಎಡಗೈ ಅಂದ್ನಲ್ಲ ಎಂದು ಅದನ್ನೇ ಹೇಳಿದರು. ಆಮೇಲೆ ಬಂದ ಕೂಗು ಮನುಷ್ಯರದೆಂದು ಅನ್ನಿಸುತ್ತಿರಲಿಲ್ಲ. ಮೊಬೈಲು ಬಡಿದುಕೊಳ್ಳುತ್ತಲೇ ಇತ್ತು. ಪ್ರತಿಮಾ ಮೇಡಂ ಎಂದು ಕಂಡಾಗ ನಟರಾಜು ಅದನ್ನು ಆಫ್ ಮಾಡಿ ಡ್ಯಾಶ್‌ಬೋರ್ಡಿನೊಳಗೆ ಹಾಕಿದ.

ಕಾರ್ಖಾನೆಯ ಗೇಟಿನವನು ಒಳಗೆ ಬಿಡಲಿಲ್ಲ. ನಟರಾಜುವಿನ ಗಾಡಿಗೆ ದಿನಾ ಸಲಾಮು ಹೊಡೆಯುವವನೇ, ಮೇಲಿನವರು ಹೇಳಿದ್ದಾರೆ ಕಣಣ್ಣ ಎಂದು ತಲೆ ತಗ್ಗಿಸಿದ. ಮೇಷ್ಟ್ರು ಬಿಸಿಲಿನಲ್ಲಿ ಗೇಟಿನ ಸರಳು ಹಿಡಿದು ನಿಂತೇ ಇದ್ದರು. ಕೂಗಾಡಲಿಲ್ಲ. ಒಳಗೆಲ್ಲೋ ವೆಲ್ಡಿಂಗಿನ ನೀಲಿ ಬೆಳಕು ಮಿಂಚಿ ಮಿಂಚಿ ಆರಿತು. ಆಮೇಲೆ ಅದೂ ನಿಂತಿತು. ಪೊಲೀಸ್ ಜೀಪು ಬಂದಾಗ ಮೇಷ್ಟ್ರು ಅದಕ್ಕೆ ಅಡ್ಡ ನಿಂತು, ಸತ್ತವನ ಅಪ್ಪ ನಾನು ಎಂದರು. ಅಧಿಕಾರಿ ಸ್ವಲ್ಪ ಯೋಚಿಸಿ ಹಿಂದೆ ಹತ್ತಿಸಿಕೊಂಡ.

ಬಹಳ ಹೊತ್ತಿನ ಮೇಲೆ ಒಬ್ಬರೇ ನಡೆದುಕೊಂಡು ಹೊರಗೆ ಬಂದರು. ಬಲಗೈಯನ್ನು ಮೈಯಿಂದ ದೂರ ಹಿಡಿದಿದ್ದರು. ನಾಲ್ಕೂ ಬೆರಳಿಗೆ ಹಳದಿ ಬಣ್ಣ ಮೆತ್ತಿತ್ತು.

"ಜಾಲರಿ ಮುಟ್ಟಿ ತೋರಿಸ್ದೆ," ಎಂದರು. "ಹಸಿ ಬಣ್ಣ ಸಾರ್, ಬರ್ಕೊಳ್ಳಿ ಅಂದೆ. ಅವರು ಜಾಲರಿ ಇದ್ದಲ್ಲೇ ಇದೆ ಅಂತ ಬರ್ಕೊಂಡ್ರು."

ಅವರ ಹಿಂದೆಯೇ ಪ್ರತಿಮಾ ಮೇಡಂ ಗೇಟಿನವರೆಗೂ ಬಂದರು. ಕಣ್ಣುಗಳು ಕೆಂಪಾಗಿದ್ದವು. ನಾಳೆಯಿಂದ ಗಾಡಿ ಬೇಡವಂತೆ ನಟರಾಜು ಎಂದರು. ಅವನು ಆಯಿತು ಎಂದ. ಆಕೆ ಮೇಷ್ಟ್ರ ಬೆರಳುಗಳನ್ನು ನೋಡಿ ಹಾಗೇ ಒಳಗೆ ಹೋದರು. ನಟರಾಜು ಗಾಡಿಯ ಟ್ಯಾಂಕಿನಿಂದ ಹಳೇ ಬಟ್ಟೆಗೆ ಒಸಿ ಡೀಸೆಲ್ ಹಾಕಿಕೊಂಡು ಬಂದು, ಒರೆಸಿಕೊಳ್ಳಿ ಎಂದ. ಮೇಷ್ಟ್ರು ಬೇಡವೆಂದು ಕೈ ಹಿಂದಕ್ಕೆಳೆದುಕೊಂಡರು.

ಆಸ್ಪತ್ರೆಗೆ ಹೋಗೋಣ ಎಂದು ದೊಡ್ಡಲಕ್ಷ್ಮಮ್ಮನನ್ನು ಹುಡುಕಿದರೆ ಅವರು ಗಾಡಿಯಲ್ಲಿ ಇರಲಿಲ್ಲ. ಎರಡನೇ ಪಾಳಿಯ ಬಸ್ಸು ಬಂದು ಗೇಟಿನ ಆಚೆ ಬದಿಗೆ ನಿಂತಿತ್ತು. ನೀಲಿ ಅಂಗಿಯ ಹುಡುಗರು ಒಬ್ಬರ ಹಿಂದೊಬ್ಬರು ಇಳಿಯುತ್ತಿದ್ದರು. ದೊಡ್ಡಲಕ್ಷ್ಮಮ್ಮ ಬಸ್ಸಿನ ಬಾಗಿಲ ಹತ್ತಿರ ನಿಂತು, ಇಳಿದ ಪ್ರತಿಯೊಬ್ಬನ ಮುಖವನ್ನೂ ಕತ್ತೆತ್ತಿ ನೋಡುತ್ತಿದ್ದರು. ಹುಡುಗರು ಏನೆಂದು ತಿಳಿಯದೆ, ಅವರಿಗೆ ತಾಗದಂತೆ ಒಸಿ ವಾರೆಯಾಗಿ ಇಳಿದು ಒಳಗೆ ಹೋಗುತ್ತಿದ್ದರು.